ಲಾರಿಯ ಎಡಬದಿ

ತಲಪಾಡಿಯಿಂದ ಶಿರೂರಿನವರೆಗೆ ಕಡಲಿನ ಪಕ್ಕದಲ್ಲೇ ಸಾಗುವ ರಾಷ್ಟ್ರೀಯ ಹೆದ್ದಾರಿ 66 ನಮಗೆ ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಮನೆಗೆ ಹೋಗುವ ದಾರಿ. ಆದರೆ ಆ ರಸ್ತೆಯ ಮೇಲೆ ಹೆಚ್ಚಿನ ಭಾರ ಹೊತ್ತು ಓಡುವುದು ಬಂದರಿನ ಸರಕು. ಪಣಂಬೂರಿನಲ್ಲಿ ನವಮಂಗಳೂರು ಬಂದರು 1970ರ ದಶಕದಲ್ಲಿ ಆರಂಭವಾಯಿತು. ಅಂದಿನಿಂದ ಅದರ ಸುತ್ತ ಗೊಬ್ಬರ ಕಾರ್ಖಾನೆ, ತೈಲ ಶುದ್ಧೀಕರಣಾಗಾರ, ಅನಿಲ ತುಂಬುವ ಘಟಕಗಳು, ಬೈಕಂಪಾಡಿಯ ಕೈಗಾರಿಕಾ ಪ್ರದೇಶ ಎಲ್ಲವೂ ಬೆಳೆದು ನಿಂತಿವೆ. ಅಡುಗೆ ಅನಿಲ, ಡಾಮರು, ತಾಳೆಎಣ್ಣೆ, ಗೊಬ್ಬರ, ಕಲ್ಲಿದ್ದಲು ಇಲ್ಲಿಂದ ಹೊರಟರೆ, ಘಟ್ಟದ ಮೇಲಿನಿಂದ ಕಾಫಿ ಮತ್ತಿತರ ಸರಕುಗಳು ಇಳಿದು ಬರುತ್ತವೆ. ಜತೆಗೆ ಕೇರಳಕ್ಕೂ ಗೋವಾಕ್ಕೂ ನಮ್ಮ ಊರನ್ನು ದಾಟಿಕೊಂಡೇ ಹೋಗಬೇಕಾದ ಲಾರಿಗಳಿವೆ.

ನಾನು ದುಡಿಯುವುದು ಬಂದರಿನ ಬಳಿಯ ಒಂದು ಸರಕು ಸಾಗಣೆ ಕಚೇರಿಯಲ್ಲಿ. ಯಾವ ಲಾರಿಗೆ ಯಾವ ಲೋಡು, ಯಾವಾಗ ಗೇಟ್ ಪಾಸು ಎಂದು ಗೊತ್ತುಮಾಡುವುದು ನನ್ನ ಕೆಲಸವಾದ್ದರಿಂದ ಹಗಲೆಲ್ಲ ಚಾಲಕರೊಂದಿಗೆ ಮಾತು. ಬೆಳಿಗ್ಗೆ ಮತ್ತು ಸಂಜೆ ಅದೇ ರಸ್ತೆಯಲ್ಲಿ ಒಂದು ಸಣ್ಣ ಕಾರಿನಲ್ಲಿಯೋ ಸ್ಕೂಟರಿನಲ್ಲಿಯೋ ನನ್ನ ಓಡಾಟ. ಹಾಗಾಗಿ ಎರಡೂ ಕಡೆಯ ದೂರು ನನ್ನ ಕಿವಿಗೆ ಬೀಳುತ್ತದೆ. ಲಾರಿಯವರು ದಾರಿಯೇ ಬಿಡುವುದಿಲ್ಲ ಎಂಬುದು ಕಾರಿನವರ ದೂರು. ಇವರು ಎಲ್ಲಿಂದ ನುಗ್ಗುತ್ತಾರೋ ಗೊತ್ತಾಗುವುದೇ ಇಲ್ಲ ಎಂಬುದು ಲಾರಿಯವರದ್ದು. ಮೊದಲನೆಯದು ಸಿಟ್ಟಿನ ಮಾತು. ಎರಡನೆಯದು ಅಕ್ಷರಶಃ ನಿಜ. ಲಾರಿಯ ಪಕ್ಕದಲ್ಲಿ ಸುರಕ್ಷಿತವಾಗಿ ಸಾಗಲು ಬಯಸುವವರು ಆ ಗೊತ್ತಾಗದಿರುವಿಕೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಅರಿತುಕೊಂಡರೆ ಮುಕ್ಕಾಲು ಪಾಲು ಅಪಾಯದಿಂದ ಪಾರಾಗಬಹುದು ಎಂಬುದು ನನ್ನ ಅಭಿಪ್ರಾಯ.

ಯಾರ್ಡಿನಲ್ಲಿ ನಿಂತಿದ್ದ ಟ್ರೇಲರಿನ ಚಾಲಕರೊಬ್ಬರು ಒಮ್ಮೆ ನನ್ನನ್ನು ತಮ್ಮ ಸೀಟಿನಲ್ಲಿ ಕೂರಿಸಿ, ಅಲ್ಲಿದ್ದ ಹುಡುಗನೊಬ್ಬನಿಗೆ ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬರಲು ಹೇಳಿದರು. ಮುಂದುಗಡೆ ಬಂಪರಿಗೆ ತಾಗಿಕೊಂಡಂತೆ ನಡೆಯುತ್ತಿದ್ದಾಗ ಅವನು ಪೂರ್ತಿ ಮರೆಯಾದ. ಕೈ ಎತ್ತಿದಾಗ ಬೆರಳು ಮಾತ್ರ ಗಾಜಿನ ಅಂಚಿನಲ್ಲಿ ಕಂಡಿತು. ಬಲಬದಿಯ ಬಾಗಿಲ ಕೆಳಗೆ ಬಂದಾಗ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಾಣುತ್ತಿದ್ದ. ಹಿಂದೆ ಹೋದವನು ಇದ್ದಾನೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಕಂಟೈನರ್ ಹೊತ್ತ ಗಾಡಿಗೆ ಹಿಂದಿನ ಗಾಜು ಇದ್ದೂ ಪ್ರಯೋಜನವಿಲ್ಲ. ಎರಡು ಬದಿಯ ಕನ್ನಡಿಗಳು ತೋರಿಸುವುದು ಬದಿಗಳನ್ನು ಮಾತ್ರ. ಆಮೇಲೆ ಅವನು ಎಡಬದಿಗೆ ಬಂದ. ಬಾಲದ ಬಳಿ ಇದ್ದಾಗ ಕನ್ನಡಿಯಲ್ಲಿ ಒಂದು ಚುಕ್ಕೆಯಂತೆ ಕಂಡವನು ಕ್ಯಾಬಿನ್ನಿನ ಹತ್ತಿರ ಬರುತ್ತಿದ್ದಂತೆ ಇಲ್ಲವಾದ. ಎಡ ಬಾಗಿಲಿನಿಂದ ಹಿಂದಿನ ಚಕ್ರಗಳ ಕಡೆಗೆ, ಅಡ್ಡಕ್ಕೆ ಹೆಚ್ಚುಕಡಿಮೆ ಪಕ್ಕದ ಲೇನಿನ ಅಗಲದಷ್ಟು ಜಾಗ ಚಾಲಕನಿಗೆ ಕುರುಡು. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುತ್ತಾನೆ. ಎಡಗಡೆಯ ಕಿಟಕಿ ಅವನಿಂದ ಎರಡು ಮೀಟರಿನಷ್ಟು ದೂರ, ಅದರ ಕೆಳಅಂಚು ಒಂದು ಕಾರಿನ ಮಾಡಿಗಿಂತಲೂ ಎತ್ತರ. ಆ ಜಾಗದಲ್ಲಿ ಒಂದು ಮಾರುತಿ ಕಾರು ಸದ್ದಿಲ್ಲದೆ ಹೊಕ್ಕು ನಿಂತಿದ್ದರೂ ಅವನ ಪಾಲಿಗೆ ರಸ್ತೆ ಖಾಲಿಯೇ.

ಹಿಂದೆ ಈ ಕುರುಡಿಗೊಂದು ಊರುಗೋಲು ಇತ್ತು. ಎಡಬದಿಯ ಸೀಟಿನಲ್ಲಿ ಕ್ಲೀನರ್ ಕುಳಿತಿರುತ್ತಿದ್ದ. ಇಕ್ಕಟ್ಟಿನಲ್ಲಿ ತಲೆ ಹೊರಗೆ ಹಾಕಿ, ಬಾಗಿಲನ್ನು ಕೈಯಿಂದ ಬಡಿದು ಬರಲಿ ಅಥವಾ ನಿಲ್ಲಲಿ ಎಂದು ಸೂಚಿಸುತ್ತಿದ್ದ. ಬಾಡಿಗೆ ಏರದೆ ಡೀಸೆಲ್ ಏರಿದ ಈ ವರ್ಷಗಳಲ್ಲಿ ಮೊದಲು ಕೈಬಿಟ್ಟಿದ್ದು ಕ್ಲೀನರನನ್ನು. ನಮ್ಮ ಕಚೇರಿಗೆ ಬರುವ ಬಹುಪಾಲು ಗಾಡಿಗಳಲ್ಲಿ ಈಗ ಒಬ್ಬನೇ ಚಾಲಕ. ಎಡಗಣ್ಣು ಹೋದ ಮೇಲೂ ಎಡಬದಿಯಲ್ಲಿ ನುಗ್ಗುವವರ ಸಂಖ್ಯೆ ಮಾತ್ರ ಏರುತ್ತಲೇ ಇದೆ.

ನುಗ್ಗುವುದಕ್ಕೆ ಕಾರಣವೂ ಇದೆ. ನಾಲ್ಕು ಪಥದ ರಸ್ತೆಯಲ್ಲಿ ನಿಧಾನದ ಗಾಡಿ ಎಡಕ್ಕಿರಬೇಕು, ಹಿಂದಿಕ್ಕುವವರು ಬಲಕ್ಕೆ ಬರಬೇಕು ಎಂಬುದು ನಿಯಮ. 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಹಿಂದಿಕ್ಕುವುದಕ್ಕೆ ಬಲಬದಿಯನ್ನೇ ಹೇಳುತ್ತವೆ. ಆದರೆ ಸುರತ್ಕಲ್ಲಿನಿಂದ ಕುಂದಾಪುರದವರೆಗೆ ಎಲ್ಲಿ ನೋಡಿದರೂ ಲಾರಿಗಳು ಡಿವೈಡರಿಗೆ ಅಂಟಿಕೊಂಡು ಬಲ ಲೇನಿನಲ್ಲೇ ಸಾಗುತ್ತಿರುತ್ತವೆ. ಇದನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಅವರನ್ನು ಕೇಳಿದರೆ ಸಿಗುವ ಉತ್ತರದಲ್ಲಿ ಹುರುಳಿದೆ: ಎಡ ಲೇನಿನಲ್ಲಿ ಹತ್ತು ಹೆಜ್ಜೆಗೊಮ್ಮೆ ಬಸ್ಸು ನಿಲ್ಲುತ್ತದೆ, ಸರ್ವಿಸ್ ರಸ್ತೆ ಇಲ್ಲದ ಕಡೆ ಸ್ಕೂಟರಿನವರು ಎದುರು ದಿಕ್ಕಿನಿಂದ ಬರುತ್ತಾರೆ, ಗೇಟು ತೆರೆದ ಕೂಡಲೆ ಮನೆಯ ಕಾರು ನೇರ ಹೆದ್ದಾರಿಗೇ ಇಳಿಯುತ್ತದೆ, ಮಳೆಗಾಲದಲ್ಲಿ ಅಂಚೆಲ್ಲ ಹೊಂಡ. ತುಂಬಿದ ಲಾರಿಯನ್ನು ಒಮ್ಮೆ ನಿಲ್ಲಿಸಿ ಮತ್ತೆ ಅದೇ ವೇಗಕ್ಕೆ ತರುವುದೆಂದರೆ ಸಮಯವೂ ಹೋಯಿತು, ಡೀಸೆಲ್ಲೂ ಹೋಯಿತು. (ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ಬಲ ಲೇನಿನಿಂದ ಹಾರಿ ಎಡದ ನಿಲ್ದಾಣಕ್ಕೆ ಬಂದೆರಗುವ ಪರಿಯ ಬಗ್ಗೆ ಬರೆದರೆ ಅದೇ ಇನ್ನೊಂದು ಲೇಖನವಾದೀತು, ಇಲ್ಲಿ ಬೇಡ.)

ಹಾಗಾದರೆ ಕಾರಿನವರು ಏನು ಮಾಡಬೇಕು? ಎಡದಿಂದ ಎಂದೂ ಹೋಗಬೇಡಿ ಎಂದು ಪುಸ್ತಕದ ಮಾತು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಮೂಲ್ಕಿಯಿಂದ ಕಾಪುವಿನವರೆಗೂ ಬಲ ಲೇನು ಬಿಡದ ಗಾಡಿಯ ಹಿಂದೆ ಯಾರೂ ಸುಮ್ಮನಿರುವುದಿಲ್ಲ. ಮೊದಲು ಲಾರಿಯ ಹಿಂದೆ ಅದರ ಬಲ ಕನ್ನಡಿಯಲ್ಲಿ ಚಾಲಕನ ಮುಖ ಕಾಣುವಷ್ಟು ದೂರ ಉಳಿದು, ದೀಪ ಮಿನುಗಿಸಿ, ಒಂದು ಸಣ್ಣ ಹಾರ್ನ್ ಕೊಟ್ಟು ಕಾಯಬೇಕು. ಮುಖ ಕಂಡರೆ ಅವನಿಗೆ ನಾವೂ ಕಾಣಬಹುದು. ಅವನು ಆ ಕ್ಷಣ ಕನ್ನಡಿ ನೋಡುತ್ತಿದ್ದಾನೆ ಎಂಬ ಭರವಸೆ ಅದರಿಂದ ಸಿಗುವುದಿಲ್ಲ, ಆದರೆ ಮುಖ ಕಾಣದಿದ್ದರೆ ನಾವು ಅವನಿಗೆ ಖಂಡಿತ ಇಲ್ಲ. ಬಹಳ ಮಂದಿ ಚಾಲಕರು ಜಾಗ ಸಿಕ್ಕಾಗ ಎಡಕ್ಕೆ ಸರಿಯುತ್ತಾರೆ. ನಾವು ಎಡದಿಂದ ನುಗ್ಗುವುದೂ ಅವನು ಎಡಕ್ಕೆ ಸರಿಯುವುದೂ ಒಂದೇ ಕ್ಷಣದಲ್ಲಿ ಆಗುವುದೇ ಅನಾಹುತದ ಮೂಲ. ಕಾರನ್ನು ಡಿವೈಡರ್ ಮತ್ತು ಲಾರಿಯ ನಡುವೆಯಲ್ಲ, ಲಾರಿ ಮತ್ತು ರಸ್ತೆಯ ಅಂಚಿನ ತೋಡಿನ ನಡುವೆ ಒತ್ತಿ ಹಾಕಿದ ಅಪಘಾತಗಳನ್ನು ಈ ಹೆದ್ದಾರಿಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ.

ಕಾದರೂ ದಾರಿ ಸಿಗದೆ ಎಡದಿಂದಲೇ ಹೋಗಬೇಕಾಗಿ ಬಂದರೆ, ಎಡ ಲೇನು ಬಹು ದೂರದವರೆಗೆ ಖಾಲಿ ಇರುವ ಕಡೆ ಮಾತ್ರ ಹೋಗಬೇಕು; ಮುಂದೆ ಬಸ್ ತಂಗುದಾಣವಾಗಲಿ, ಸರ್ವಿಸ್ ರಸ್ತೆ ಕೂಡುವ ಜಾಗವಾಗಲಿ, ಡಿವೈಡರಿನಲ್ಲಿ ಯೂಟರ್ನ್ ಕಿಂಡಿಯಾಗಲಿ ಇದ್ದರೆ ಹೋಗಲೇಬಾರದು. ಕಿಂಡಿಯಿಂದ ಎದುರು ಕಡೆಯ ಗಾಡಿ ಮೂಗು ಹೊರಗೆ ಹಾಕಿದರೆ ಲಾರಿಯವನಿಗೆ ಇರುವ ಒಂದೇ ದಾರಿ ಎಡಕ್ಕೆ ಹೊರಳುವುದು. ಹೋಗಲು ತೊಡಗಿದ ಮೇಲೆ ತಡಬಡಾಯಿಸದೆ ಪೂರ್ತಿ ದಾಟಿಬಿಡಬೇಕು. ಲಾರಿಯ ಪಕ್ಕದಲ್ಲಿ ಅದರದೇ ವೇಗದಲ್ಲಿ, ಫೋನಿನಲ್ಲಿ ಮಾತನಾಡುತ್ತಲೋ ಹಾಡು ಬದಲಿಸುತ್ತಲೋ ಸಾಗುವವರನ್ನು ನಾನು ಪ್ರತಿದಿನ ನೋಡುತ್ತೇನೆ. ಬಲದಿಂದ ಹಿಂದಿಕ್ಕುವಾಗಲೂ ಇದೇ ಮಾತು ಸಲ್ಲುತ್ತದೆ.

ತಿರುವುಗಳಲ್ಲಿ ಎಡಬದಿ ಇನ್ನಷ್ಟು ಕ್ರೂರ. ನಲವತ್ತು ಅಡಿಯ ಕಂಟೈನರ್ ಹೊತ್ತ ಟ್ರೇಲರ್ ಬೈಕಂಪಾಡಿಯಲ್ಲೋ ಪಡುಬಿದ್ರಿಯಲ್ಲಿ ಕಾರ್ಕಳ ರಸ್ತೆಗೋ ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ಅಗಲವಾಗಿ ಹೋಗುತ್ತದೆ. ಹಾಗೆ ಹೋಗದಿದ್ದರೆ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡು ಹಿಡಿಯದೆ, ಮೂಲೆಯನ್ನು ಕತ್ತರಿಸಿಕೊಂಡು ಫುಟ್‌ಪಾತ್ ಹತ್ತಿಬಿಡುತ್ತವೆ. ಹಿಂದೆ ಇರುವ ಸ್ಕೂಟರ್ ಸವಾರನಿಗೆ ಕಾಣುವುದು ಏನು? ಲಾರಿ ಬಲಕ್ಕೆ ಹೋಯಿತು, ಎಡಗಡೆ ಒಳ್ಳೆಯ ಜಾಗ ತೆರೆದುಕೊಂಡಿತು. ಅವನು ಆ ಜಾಗಕ್ಕೆ ಹೊಕ್ಕ ಮೇಲೆ ಲಾರಿಯ ಮುಂಭಾಗ ಎಡಕ್ಕೆ ಮಡಚಿಕೊಳ್ಳುತ್ತದೆ, ಟ್ರೇಲರಿನ ನಡುಭಾಗ ಗೋಡೆಯಂತೆ ಅವನತ್ತ ಸರಿಯುತ್ತಾ ಬರುತ್ತದೆ. ಮುಂಭಾಗ ಎಡಕ್ಕೆ ತಿರುಗಿದ ಕೂಡಲೆ ಎಡಗನ್ನಡಿಯಲ್ಲಿ ಚಾಲಕನಿಗೆ ತನ್ನದೇ ಕಂಟೈನರಿನ ಮುಂದಿನ ಮೂಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವನಿಗೆ ಸದ್ದೂ ಕೇಳುವುದಿಲ್ಲ, ತಾಗಿದ್ದೂ ತಿಳಿಯುವುದಿಲ್ಲ. ನಂತೂರು, ಕೊಟ್ಟಾರ ಚೌಕಿ, ಕೂಳೂರಿನಂತಹ ಕಡೆ ಸಿಗ್ನಲಿಗೋ ಪೊಲೀಸರ ಕೈಗೋ ಲಾರಿಯೊಂದು ನಿಂತಿದ್ದರೆ ಅದರ ಎಡಬದಿಯ ಸಂದಿಯಲ್ಲಿ ಮುಂದೆ ಹೋಗಿ ನಿಲ್ಲುವುದು ನಮ್ಮ ದ್ವಿಚಕ್ರ ಸವಾರರಿಗೆ ಸಹಜವಾಗಿಬಿಟ್ಟಿದೆ. ಅಲ್ಲಿ ಹಿಂದೆಯೇ ಉಳಿದರೆ ನಷ್ಟವಾಗುವುದು ಅರ್ಧ ನಿಮಿಷ. ಲಾರಿಯ ಮೂಗಿನ ಎದುರಿಗೆ ಹೋಗಿ ನಿಲ್ಲುವುದು ಅದಕ್ಕಿಂತ ಕೆಟ್ಟದ್ದು. ಕೈ ಎತ್ತಿದರೂ ಬೆರಳು ಮಾತ್ರ ಕಾಣುವ ಜಾಗ ಅದು.

ಇನ್ನು ತೂಕದ ವಿಚಾರ. 2018ರಲ್ಲಿ ಕೇಂದ್ರ ಸರಕಾರ ಲಾರಿಗಳ ತೂಕದ ಮಿತಿಯನ್ನು ಏರಿಸಿದ ಮೇಲೆ ಎರಡು ಆಕ್ಸಲಿನ ಸಾಮಾನ್ಯ ಲಾರಿಗೆ 18.5 ಟನ್, ಮೂರು ಆಕ್ಸಲಿನದ್ದಕ್ಕೆ 28.5 ಟನ್, ದೊಡ್ಡ ಟ್ರೇಲರುಗಳಿಗೆ 55 ಟನ್ನಿನವರೆಗೆ ಅನುಮತಿ ಇದೆ. ನಮ್ಮ ಸಾಧಾರಣ ಕಾರು ಒಂದು ಟನ್ನಿನ ಆಸುಪಾಸು. ಗಂಟೆಗೆ 60 ಕಿಲೋಮೀಟರಿನಲ್ಲಿ ಸಾಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ ಅಲ್ಲಿಗೆ 25 ಮೀಟರ್ ಆಯಿತು. ಕಾರಿನ ಬ್ರೇಕು ಒತ್ತಿದ ಕ್ಷಣವೇ ಹಿಡಿಯುತ್ತದೆ. ಲಾರಿಯದ್ದು ಗಾಳಿಯ ಬ್ರೇಕು, ಟ್ಯಾಂಕಿನ ಗಾಳಿ ಕೊಳವೆಗಳಲ್ಲಿ ಹರಿದು ಹಿಂದಿನ ಚಕ್ರದವರೆಗೆ ತಲುಪಿ, ಉಜ್ಜಿ ಚಕ್ರವನ್ನು ಹಿಡಿಯುವ ಲೈನರನ್ನು ಒತ್ತಲು ಅರ್ಧ ಸೆಕೆಂಡಿನಷ್ಟು ಬೇಕು, ಅಂದರೆ ಇನ್ನೂ 8 ಮೀಟರ್. ಆಮೇಲೆ ನಿಜವಾದ ನಿಲುಗಡೆ ಶುರು. ಒಣ ರಸ್ತೆಯಲ್ಲಿ, ಎಲ್ಲ ಬ್ರೇಕುಗಳೂ ಸರಿಯಿದ್ದು, ಟಯರ್ ಸವೆಯದಿದ್ದರೆ ಒಟ್ಟು ಅರುವತ್ತು ಮೀಟರಿನ ಆಸುಪಾಸಿನಲ್ಲಿ ಲಾರಿ ನಿಂತೀತು. ಕಾರು ನಲವತ್ತೈದು ಮೀಟರಿನಲ್ಲಿ ನಿಂತಿರುತ್ತದೆ. ಮಳೆ, ಇಳಿಜಾರು, ಸವೆದ ಟಯರ್ ಸೇರಿದರೆ ಈ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಆದುದರಿಂದ ಲಾರಿಯ ಮುಂದೆ ಕಾಣುವ ಖಾಲಿ ಜಾಗ ಯಾರಿಗೂ ಸೇರದ ಜಾಗವಲ್ಲ. ಅದು ಆ ಚಾಲಕ ನಿಲ್ಲುವುದಕ್ಕೆಂದು ಇಟ್ಟುಕೊಂಡದ್ದು. ಟೋಲ್ ಗೇಟಿನ ಮುಂಚೆ, ಹೆಜಮಾಡಿಯಲ್ಲಾಗಲಿ ಸಾಸ್ತಾನದಲ್ಲಾಗಲಿ, ಲಾರಿಯನ್ನು ದಾಟಿ ಆ ಜಾಗಕ್ಕೆ ಹೊಕ್ಕು ತಕ್ಷಣ ಬ್ರೇಕ್ ಒತ್ತುವವರು ಅವನ ಬ್ರೇಕಿನ ದೂರವನ್ನು ಒಂದೇ ಏಟಿಗೆ ಅರ್ಧ ಮಾಡುತ್ತಾರೆ. ಹಿಂದಿಕ್ಕಿದ ಮೇಲೆ ನಮ್ಮ ಒಳಗನ್ನಡಿಯಲ್ಲಿ ಲಾರಿಯ ಎರಡೂ ದೀಪಗಳು, ಅದರಡಿಯ ರಸ್ತೆಯೂ ಸೇರಿ ಕಾಣುವವರೆಗೆ ಅದರ ಲೇನಿಗೆ ಮರಳದಿರುವುದು ಒಂದು ಒಳ್ಳೆಯ ಅಭ್ಯಾಸ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು: ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ವರೆಗೆ ಅವಕಾಶವಿದ್ದರೆ ಸರಕು ವಾಹನಕ್ಕೆ 80 ಮಾತ್ರ, ಅಪಾಯಕಾರಿ ವಸ್ತು ಹೊತ್ತ ಟ್ಯಾಂಕರಿಗೆ ವೇಗನಿಯಂತ್ರಕವೇ 60ಕ್ಕೆ ಹಾಕಿರಬೇಕು. ದೂರದಲ್ಲಿ ಕಂಡ ಲಾರಿ ನಾವು ಎಣಿಸಿದ್ದಕ್ಕಿಂತ ಬೇಗ ನಮ್ಮ ಮುಂದೆ ಬಂದುಬಿಡುತ್ತದೆ.

ಹಿಂದೆ ಹೋಗುವಾಗ ಅಂತರ ಇಡುವುದಕ್ಕೆ ಕರಾವಳಿಯಲ್ಲಿ ಬೇರೆಯದೇ ಒಂದು ಕಾರಣವಿದೆ. ಲಾರಿಯ ಚಕ್ರಗಳ ನಡುವೆ ಹೊಂಡ ಹಾದುಹೋಗುತ್ತದೆ. ಅದಕ್ಕೆ ಏನೂ ಆಗುವುದಿಲ್ಲ, ಹಿಂದೆ ಅಂಟಿಕೊಂಡು ಬಂದ ಸ್ಕೂಟರಿಗೆ ಹೊಂಡ ಕಾಣುವುದು ಅದರೊಳಗೆ ಬಿದ್ದ ಮೇಲೆ. ಮೂರು ಸೆಕೆಂಡಿನ ಅಂತರ, ಅಂದರೆ 60ರ ವೇಗಕ್ಕೆ 50 ಮೀಟರ್, ಸಾಮಾನ್ಯ ದಿನಕ್ಕೆ ಸಾಕು. ಮಳೆಯಲ್ಲಿ ಅದು ಇಮ್ಮಡಿಯಾಗಬೇಕು.

ಲಾರಿಯ ಹಿಂಭಾಗದ ಬಗ್ಗೆ ಹೇಳಲೇಬೇಕಾದುದು ರಾತ್ರಿಯ ಮಾತು. ಬಂದರಿನ ಸರದಿಗೆ ಕಾಯುವ ಗಾಡಿಗಳು, ಪಂಕ್ಚರಾದವು, ಊಟಕ್ಕೆ ನಿಂತವು ಹೆದ್ದಾರಿಯ ಅಂಚಿನಲ್ಲಿ, ಎಷ್ಟೋ ಸಲ ಅರ್ಧ ಲೇನಿನೊಳಗೆ ನಿಂತಿರುತ್ತವೆ. ಲಾರಿ ನಿಲ್ಲಿಸಲು ಸರಿಯಾದ ಜಾಗ ಮಾಡಿಕೊಡದೆ ದಂಡ ಹಾಕುವ ವ್ಯವಸ್ಥೆಯ ಬಗ್ಗೆ ನನಗೆ ತಕರಾರಿದೆ, ಆದರೆ ಮಳೆ ಸುರಿಯುವ ಇರುಳಿನಲ್ಲಿ ಎದುರಿನ ದೀಪಕ್ಕೆ ಕಣ್ಣು ಕುಕ್ಕಿಸಿಕೊಂಡು ಬರುವ ಕಾರಿಗೆ ಆ ತಕರಾರಿನಿಂದ ಉಪಯೋಗವಿಲ್ಲ. ಲಾರಿಯ ಹಿಂದಿನ ಹಲಗೆ ಕಾರಿನ ಬಂಪರಿಗಿಂತ ಎತ್ತರದಲ್ಲಿರುವುದರಿಂದ ಡಿಕ್ಕಿಯಾದಾಗ ಇಂಜಿನ್ ಏಟು ತಿನ್ನುವ ಬದಲು ಕಾರು ಅಡಿಗೆ ನುಗ್ಗಿ ಗಾಜಿನ ಮಟ್ಟಕ್ಕೆ ಏಟು ಬೀಳುತ್ತದೆ. ಏರ್‌ಬ್ಯಾಗಿಗೂ ಅಲ್ಲಿ ಹೆಚ್ಚು ಕೆಲಸವಿಲ್ಲ. ಇದನ್ನು ತಡೆಯಲೆಂದೇ ಹಿಂದೆ ಮತ್ತು ಬದಿಯಲ್ಲಿ ಕಬ್ಬಿಣದ ತಡೆಗಂಬಿ ಕಡ್ಡಾಯ. ಆದರೆ ಬಗ್ಗಿದ, ತುಕ್ಕು ಹಿಡಿದ, ಹಗ್ಗದಲ್ಲಿ ಕಟ್ಟಿದ ತಡೆಗಂಬಿಗಳನ್ನು ನಮ್ಮ ಯಾರ್ಡಿನಲ್ಲಿ ಎಷ್ಟು ಬೇಕಾದರೂ ತೋರಿಸಬಲ್ಲೆ. ರಾತ್ರಿ ಎಡ ಅಂಚಿಗೆ ತೀರಾ ಒತ್ತದೆ, ದೀಪದ ಬೆಳಕು ತಲುಪುವ ದೂರದೊಳಗೆ ನಿಲ್ಲಬಹುದಾದ ವೇಗದಲ್ಲಿ ಹೋಗುವುದೇ ಕಾರಿನವರ ಕೈಯಲ್ಲಿರುವ ಉಪಾಯ. ಯೂಟರ್ನ್ ಕಿಂಡಿಗಳ ಬಳಿ ಟ್ರೇಲರ್ ಅಡ್ಡ ನಿಂತಿದ್ದರೆ ಅದರ ಮುಂದಿನ ದೀಪಗಳು ಆಚೆ ಲೇನಿನತ್ತ ತಿರುಗಿರುತ್ತವೆ, ನಮ್ಮೆದುರಿಗೆ ಕಪ್ಪು ಕಂಟೈನರು ಮಾತ್ರ. ಬದಿಯ ಪ್ರತಿಫಲಕ ಪಟ್ಟಿಗೆ ಕೆಸರು ಮೆತ್ತಿದ್ದರೆ ಅದೂ ಕಾಣುವುದಿಲ್ಲ.

ಘಾಟಿಯ ಕತೆ ಬೇರೆ. ಆಗುಂಬೆಯ ತಿರುವುಗಳು ದೊಡ್ಡ ಲಾರಿಗೆ ಆಗುವುದಿಲ್ಲ. ಚಾರ್ಮಾಡಿಯಲ್ಲಿ 2019ರ ಆಗಸ್ಟಿನ ಭೂಕುಸಿತದ ನಂತರ ಘನ ವಾಹನಗಳಿಗೆ ನಿರ್ಬಂಧ ಬಂತು. ಹಾಗಾಗಿ ಮಂಗಳೂರು–ಬೆಂಗಳೂರು ನಡುವಿನ ಭಾರವೆಲ್ಲ ಶಿರಾಡಿಯ ಮೇಲೆ. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಲ್ಲಿಸುವ ಮೊದಲಿನ, ಅದಿರು ಲಾರಿಗಳಿಂದ ಹದಗೆಟ್ಟಿದ್ದ ಶಿರಾಡಿಯನ್ನು ಕಂಡವರಿಗೆ ಇಂದಿನ ಕಾಂಕ್ರೀಟು ರಸ್ತೆ ಸ್ವರ್ಗವೆನಿಸಬಹುದು, ಆದರೆ ರಸ್ತೆ ಸುಧಾರಿಸಿದಷ್ಟೂ ಹಿಂದಿಕ್ಕುವ ಚಪಲವೂ ಬೆಳೆದಿದೆ. ಎರಡೇ ಪಥದ ಘಾಟಿಯಲ್ಲಿ ಒಮ್ಮೆ ಲೆಕ್ಕ ಹಾಕಿ ನೋಡೋಣ. ಲಾರಿ 50ರ ವೇಗದಲ್ಲಿದೆ, ನಾವು 70ರಲ್ಲಿ ದಾಟಬೇಕು. ಲಾರಿಯ ಉದ್ದ 16 ಮೀಟರ್, ನಮ್ಮ ಕಾರಿನ 4 ಮೀಟರ್, ಹಿಂದಿನ ಮತ್ತು ಮುಂದಿನ ಅಂತರಕ್ಕೆ 35 ಮೀಟರ್ ಸೇರಿಸಿದರೆ ಲಾರಿಗಿಂತ 55 ಮೀಟರ್ ಹೆಚ್ಚು ಕ್ರಮಿಸಬೇಕು. ವೇಗದ ವ್ಯತ್ಯಾಸ ಸೆಕೆಂಡಿಗೆ ಐದೂವರೆ ಮೀಟರ್. ಹತ್ತು ಸೆಕೆಂಡ್ ಬೇಕು. ಆ ಹತ್ತು ಸೆಕೆಂಡಿನಲ್ಲಿ ನಾವು 195 ಮೀಟರ್ ಹೋಗಿರುತ್ತೇವೆ, ಎದುರಿನಿಂದ ಅದೇ ವೇಗದಲ್ಲಿ ಬರುವ ಬಸ್ಸೂ ಅಷ್ಟೇ ಬಂದಿರುತ್ತದೆ. ಹತ್ತಿರಹತ್ತಿರ 400 ಮೀಟರ್ ನೇರವಾಗಿ, ತಿರುವಿಲ್ಲದೆ, ಖಾಲಿಯಾಗಿ ಕಾಣುವ ಜಾಗ ಗುಂಡ್ಯದಿಂದ ಮೇಲಕ್ಕೆ ಎಷ್ಟು ಕಡೆ ಸಿಗುತ್ತದೆ ಎಂದು ಆ ದಾರಿಯಲ್ಲಿ ಹೋದವರು ತಾವೇ ಹೇಳಲಿ. ಲಾರಿಯ ಹಿಂದೆ ಇನ್ನೊಂದು ಲಾರಿ ಅಂಟಿಕೊಂಡಿದ್ದರೆ ಲೆಕ್ಕ ಬೆಳೆಯುತ್ತದೆ, ನಡುವೆ ಹೊಕ್ಕುವ ಯೋಚನೆ ಬೇಡ.

ಇಳಿಯುವ ಲಾರಿಯ ಬಗ್ಗೆ ಹೆಚ್ಚು ಎಚ್ಚರವಿರಬೇಕು. ಅನುಭವಸ್ಥ ಚಾಲಕ ಹತ್ತಿದ ಗೇರಿನಲ್ಲೇ ಘಾಟಿ ಇಳಿಯುತ್ತಾನೆ, ಇಂಜಿನ್ನಿನ ಎಳೆತದಲ್ಲೇ ವೇಗ ಹಿಡಿಯುತ್ತಾನೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿದವನೋ, ಬರಿಯ ಬ್ರೇಕನ್ನೇ ನಂಬಿದವನೋ ಅರ್ಧ ಘಾಟಿಯಲ್ಲೇ ಲೈನರನ್ನು ಕಾಯಿಸಿಬಿಡುತ್ತಾನೆ. ಕಾದ ಲೈನರ್ ಹಿಡಿಯುವುದಿಲ್ಲ. ಸುಟ್ಟ ವಾಸನೆ ಬಂದರೆ, ಚಕ್ರದ ಬಳಿ ಹೊಗೆ ಕಂಡರೆ, ಎಡೆಬಿಡದ ಹಾರ್ನ್ ಕೇಳಿದರೆ ಆ ಗಾಡಿಯ ಮುಂದೆ ಇರಬಾರದು. ಅಗಲವಾದ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಇಳಿದು ನಿಂತು ಅದನ್ನು ಹೋಗಲು ಬಿಡಬೇಕು. ಏರುವ ಲಾರಿಯ ಹಿಂದೆ ನಿಂತಾಗ ಒಂದು ಕಾರಿನ ಉದ್ದವನ್ನಾದರೂ ಬಿಡಬೇಕು, ಏಕೆಂದರೆ ಹೊರಡುವಾಗ ಅದು ತುಸು ಹಿಂದಕ್ಕೆ ಜಾರುತ್ತದೆ. ಇದಕ್ಕೆ ಶಿರಾಡಿಗೇ ಹೋಗಬೇಕಿಲ್ಲ, ಪಂಪ್‌ವೆಲ್ಲಿನಿಂದ ನಂತೂರಿಗೆ ಏರುವಾಗಲೂ ಇದನ್ನು ಕಾಣಬಹುದು. ಕಡಿದಾದ ತಿರುವಿನಲ್ಲಿ ಲಾರಿ ರಸ್ತೆಯ ಎರಡೂ ಪಥವನ್ನು ಬಳಸುವುದು ದರ್ಪದಿಂದಲ್ಲ. ಅದಕ್ಕೆ ಬೇರೆ ದಾರಿಯಿಲ್ಲ. ತಿರುವಿನ ಮುಂಚೆಯೇ ನಿಂತು ಜಾಗ ಕೊಟ್ಟವರು ಮುಂದಕ್ಕೆ ಬೇಗ ತಲುಪುತ್ತಾರೆ, ಮೂಗು ತೂರಿಸಿದವರು ಎರಡೂ ಕಡೆ ಒಂದು ತಾಸಿನ ಸಾಲು ನಿರ್ಮಿಸುತ್ತಾರೆ.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಚಕ್ರಗಳೆಬ್ಬಿಸುವ ನೀರಿನ ಮುಸುಕಿನ ಬಗ್ಗೆ ವಿವರಿಸಿ ಹೇಳಬೇಕಿಲ್ಲ. ಆ ಮುಸುಕಿನಲ್ಲಿ ನಮಗೆ ಲಾರಿ ಕಾಣದಷ್ಟೇ ಲಾರಿಯವನಿಗೆ ಅವನ ಕನ್ನಡಿಯೂ ಕಾಣುವುದಿಲ್ಲ. ಹಗಲಲ್ಲೇ ಡಿಮ್ ದೀಪ ಹಾಕಿಕೊಳ್ಳಬೇಕು. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಹೊಸ ರೂಢಿಯಿಂದ ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು, ಏಕೆಂದರೆ ಆಗ ಯಾವ ಕಡೆಗೆ ತಿರುಗುತ್ತೇವೆಂದು ಹೇಳುವ ದೀಪವೇ ಇಲ್ಲದಂತಾಗುತ್ತದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ; ಗಾಳಿ ಬೀಸುವ ದಿನ ದ್ವಿಚಕ್ರ ಸವಾರ ಲಾರಿಯ ಮರೆಯಿಂದ ಹೊರಬಿದ್ದ ಕೂಡಲೆ ಗಾಳಿ ಅವನನ್ನು ಬದಿಗೆ ತಳ್ಳುತ್ತದೆ. ನೇತ್ರಾವತಿ ಸೇತುವೆಯ ಮೇಲೂ ಇದೇ ಅನುಭವ. ಮಲ್ಪೆಯಿಂದ ಬರುವ ಮೀನಿನ ಲಾರಿಗಳು ಚೆಲ್ಲುವ ನೀರು ಡಾಮರಿನ ಮೇಲೆ ಎಣ್ಣೆಯಷ್ಟೇ ಜಾರುತ್ತದೆ. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಶುರುವಾದ ಮೇಲೆ ಕರಾವಳಿ ಜಂಕ್ಷನ್ನಿನ ಸುತ್ತಮುತ್ತ ಅವುಗಳ ಹಿಂದೆ ಬೈಕು ಓಡಿಸುವವರು ತಿರುವಿನಲ್ಲಿ ಬ್ರೇಕ್ ಮುಟ್ಟದಿರುವುದು ಒಳ್ಳೆಯದು.

ಲಾರಿಯವರು ಕೊಡುವ ಸನ್ನೆಗಳ ಬಗ್ಗೆ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಹಿಂದಿನವರಿಗೆ ಹೋಗಿ ಎನ್ನಲು ಕೆಲವರು ಎಡ ಇಂಡಿಕೇಟರ್ ಹಾಕುತ್ತಾರೆ, ಕೆಲವರು ಬಲದ್ದನ್ನು, ಕೆಲವರು ಕೈ ಬೀಸುತ್ತಾರೆ. ಅದೇ ಬಲ ಇಂಡಿಕೇಟರ್ ಯೂಟರ್ನಿಗೂ ಆಗುತ್ತದೆ, ಬರಬೇಡ ಎದುರಿಗೆ ಗಾಡಿಯಿದೆ ಎಂಬುದಕ್ಕೂ ಆಗುತ್ತದೆ. ಸದುದ್ದೇಶದಿಂದ ಕೊಟ್ಟ ಸನ್ನೆಯೇ ಆದರೂ ಅದು ಅವರ ಗಾಡಿಯ ಅಳತೆಗೆ, ಅವರ ಅಂದಾಜಿಗೆ ಕೊಟ್ಟದ್ದು. ಕಣ್ಣಿಗೆ ದಾರಿ ಕಾಣದೆ ಬರಿಯ ಸನ್ನೆಯನ್ನು ನಂಬಿ ಹೊರಡಬಾರದು. ಇನ್ನು, ನಸುಕಿನ ಹೊತ್ತಿನಲ್ಲಿ ಕಾರಣವಿಲ್ಲದೆ ನಿಧಾನವಾಗಿ ಬಿಳಿ ಗೆರೆ ದಾಟಿ ಮತ್ತೆ ಸಟ್ಟನೆ ಒಳಬರುವ ಲಾರಿ ಕಂಡರೆ ಚಾಲಕ ತೂಕಡಿಸುತ್ತಿದ್ದಾನೆ ಎಂದೇ ತಿಳಿಯಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದಿತ್ತು. ಒಬ್ಬನೇ ಚಾಲಕ, ಸಮಯಕ್ಕೆ ತಲುಪಿಸಬೇಕೆಂಬ ಒತ್ತಡ, ಮಲಗಲು ಜಾಗವಿಲ್ಲದ ಹೆದ್ದಾರಿ ಸೇರಿದಲ್ಲಿ ಆ ಎಂಟು ಗಂಟೆ ಎಲ್ಲಿ ಉಳಿದೀತು? ಕಾರಿನವರು ಅಲ್ಲಿ ಮಾಡಬಹುದಾದುದು ಇಷ್ಟೇ: ಹಿಂದೆ ದೂರ ಉಳಿದು ಉದ್ದ ಹಾರ್ನ್ ಕೊಡುವುದು, ಹೆದ್ದಾರಿ ಸಹಾಯವಾಣಿ 1033ಕ್ಕೆ ತಿಳಿಸುವುದು.

ಕೊನೆಯದಾಗಿ ಬುಲೆಟ್ ಟ್ಯಾಂಕರ್. ಮಂಗಳೂರಿನಿಂದ ಹೊರಡುವ ಅಡುಗೆ ಅನಿಲದ ಟ್ಯಾಂಕರಿನಲ್ಲಿ ಸಾಮಾನ್ಯವಾಗಿ 18 ಟನ್ನಿನಷ್ಟು ದ್ರವರೂಪದ ಅನಿಲವಿರುತ್ತದೆ. ಹಿಗ್ಗಲು ಜಾಗ ಬೇಕೆಂದು ಟ್ಯಾಂಕನ್ನು ಪೂರ್ತಿ ತುಂಬಿಸುವುದಿಲ್ಲ. ತಿರುವಿನಲ್ಲಿ ಒಳಗಿನ ದ್ರವ ಒಂದು ಬದಿಗೆ ಹೊಯ್ದಾಡಿ ಗಾಡಿಯನ್ನು ಎಳೆಯುತ್ತದೆ. ತಿರುವಿನಲ್ಲಿ ಟ್ಯಾಂಕರಿನ ಪಕ್ಕದಲ್ಲಿ ಇರಬಾರದು, ಅದು ದಿಢೀರನೆ ಹ್ಯಾಂಡಲ್ ತಿರುಗಿಸುವಂತೆ ಮಾಡಬಾರದು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಮಗುಚಿ ಬೆಂಕಿ ಹೊತ್ತಿಕೊಂಡು ರಸ್ತೆ ಬದಿಯ ಮನೆಗಳವರೂ ಸೇರಿ ಹಲವರು ಪ್ರಾಣ ಕಳೆದುಕೊಂಡದ್ದು ದಕ್ಷಿಣ ಕನ್ನಡದವರಿಗೆ ಮರೆಯುವಂಥದ್ದಲ್ಲ.

ಮಗುಚಿದ ಟ್ಯಾಂಕರ್ ಕಂಡರೆ ನೋಡಲು ಹತ್ತಿರ ಹೋಗುವ, ವಿಡಿಯೊ ಮಾಡುವ ಚಾಳಿ ನಮ್ಮಲ್ಲಿದೆ. ಸೋರಿದ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ; ಅದು ಮೇಲಕ್ಕೆ ಹೋಗುವುದಿಲ್ಲ, ನೆಲಕ್ಕಂಟಿ ತೋಡು, ಗದ್ದೆ, ತಗ್ಗಿನ ಮನೆಗಳತ್ತ ಹರಿಯುತ್ತದೆ, ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ವಾಸನೆ ಬಂದರೆ ಅಥವಾ ನೆಲದ ಮೇಲೆ ಮಂಜಿನಂತೆ ಬಿಳಿಯಾಗಿ ಕಂಡರೆ ಮುಂದೆ ಹೋಗಬಾರದು. ಅನಿಲದ ನಡುವೆಯೇ ಸಿಕ್ಕಿಕೊಂಡಿದ್ದರೆ ಇಂಜಿನ್ ಆರಿಸಿ, ಮತ್ತೆ ಚಾಲೂ ಮಾಡದೆ, ಲೈಟು ಫೋನು ಯಾವುದನ್ನೂ ಮುಟ್ಟದೆ, ಇಳಿದು ಗಾಳಿ ಬೀಸಿ ಬರುವ ದಿಕ್ಕಿನತ್ತ ಎತ್ತರದ ಜಾಗಕ್ಕೆ ನಡೆಯಬೇಕು. ಸಾಕಷ್ಟು ದೂರ ಹೋದ ಮೇಲೆ 112ಕ್ಕೆ ಕರೆ ಮಾಡಬೇಕು. ಅಡುಗೆ ಅನಿಲದ ಸೋರಿಕೆಗೆ 1906 ಎಂಬ ಪ್ರತ್ಯೇಕ ಸಂಖ್ಯೆಯೂ ಇದೆ. ಟ್ಯಾಂಕರಿನ ಬದಿಯಲ್ಲೂ ಹಿಂದೆಯೂ ಇರುವ ಫಲಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಬರೆದಿರುತ್ತದೆ: ಅಡುಗೆ ಅನಿಲಕ್ಕೆ 1075, ಪೆಟ್ರೋಲಿಗೆ 1203, ಡೀಸೆಲಿಗೆ 1202. ದೂರದಿಂದಲೇ ಅದು ಓದಲು ಸಿಕ್ಕರೆ ಊರಿನ ಹೆಸರು, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿಯ ಜತೆ ಆ ಸಂಖ್ಯೆಯನ್ನೂ ಹೇಳಿದರೆ, ಹೊರಡುವ ಅಗ್ನಿಶಾಮಕ ದಳಕ್ಕೆ ನೀರು ತರಬೇಕೋ ನೊರೆ ತರಬೇಕೋ, ಸುತ್ತಲಿನ ಮನೆಗಳನ್ನು ಎಷ್ಟು ದೂರದವರೆಗೆ ತೆರವು ಮಾಡಿಸಬೇಕೋ ಎಂಬುದು ದಾರಿಯಲ್ಲೇ ತೀರ್ಮಾನವಾಗುತ್ತದೆ.